ಐದು ಕೂಡಿಸ್ಕೋರಿ

ಬೀಗ ತೆಗೆದ ಕೂಡಲೆ ಮೊದಲು ಎದುರುಗೊಳ್ಳುವುದು ವಾಸನೆ. ಹಳೆಯ ಸಾಗವಾನಿ ಮೇಜು, ಅದಕ್ಕೆ ಎಂದೋ ಬಳಿದ ಪಾಲಿಶು, ಮೈಲುತುತ್ತದ ನೀರು, ಬಿಸಿಲಿಗೆ ಬಿರುಕುಬಿಟ್ಟ ರಬ್ಬರ್ ಕೊಳವೆ, ಮೂಲೆಯಲ್ಲಿ ಕೂತ ಧೂಳು ಎಲ್ಲ ಕೂಡಿದ ಒಂದು ವಾಸನೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರ ಮೂಗಿನಿಂದ ಅದು ಹೋಗುವುದಿಲ್ಲ. ಮೂವತ್ತು ವರ್ಷದ ಮೇಲೆ ಬಂದರೂ ಗುರುತು ಹಿಡಿಯುತ್ತದೆ. ಹುಮನಾಬಾದಿನ ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯ ಹೊಸ್ತಿಲಲ್ಲಿ, ಜನವರಿಯ ಚಳಿ ಇನ್ನೂ ಗೋಡೆ ಬಿಟ್ಟಿರದ ಹೊತ್ತಿನಲ್ಲಿ, ನಾನು ಚಪ್ಪಲಿ ಬಿಡಬೇಕೋ ಬೇಡವೋ ಎಂದು ಒಂದು ಗಳಿಗೆ ನಿಂತೆ. ಎಲ್ಲರೂ ಕಾಕಾ ಎಂದು ಕರೆಯುವ ಅಟೆಂಡರ್ ನಕ್ಕರು. "ಬರ್ರಿ ಬರ್ರಿ, ಇದೇನ್ ಗುಡಿ ಅಲ್ಲ."

ಅಲಮಾರಿಯ ಬಾಗಿಲು ತೆಗೆಯುವುದೇ ಒಂದು ಕಸುಬು. ಕೆಳಗಿನ ಕದವನ್ನು ಮೊಣಕಾಲಿನಿಂದ ಒತ್ತಿ, ಮೇಲಿನದನ್ನು ಎಡಗೈಯಿಂದ ಎಳೆದು, ಬಲಗೈಯಲ್ಲಿ ಕೀಲಿ ತಿರುವಿದರೆ ಅದು ಗೊರ್ ಎಂದು ಬಾಯಿ ಬಿಡುತ್ತದೆ. ಒಳಗೆ ಒಂದರ ಮೇಲೊಂದು ಮರದ ಪೆಟ್ಟಿಗೆಗಳು, ಪೆಟ್ಟಿಗೆಯೊಳಗೆ ಹಸಿರು ಮಖಮಲ್ಲು, ಮಖಮಲ್ಲಿನಲ್ಲಿ ಪ್ರತಿಯೊಂದರ ಮೈಯಳತೆಗೆ ಕೊರೆದ ತಗ್ಗು. ತಗ್ಗಿನಲ್ಲಿ ಮಲಗಿರುವ ವರ್ನಿಯರ್ ಕ್ಯಾಲಿಪರ್ಸ್, ಸ್ಕ್ರೂಗೇಜು, ಮೂರು ಕಾಲಿನ ಸ್ಫೆರೋಮೀಟರು. ಒಂದು ಪೆಟ್ಟಿಗೆಯಲ್ಲಿ ಹಿತ್ತಾಳೆಯ ತೂಕದ ಗುಂಡುಗಳು ದೊಡ್ಡಣ್ಣನಿಂದ ಸಣ್ಣ ತಮ್ಮನವರೆಗೆ ಸಾಲಾಗಿ ಕೂತಿವೆ. ಕೊನೆಯ ಒಂದೆರಡು ತಗ್ಗು ಖಾಲಿ. ಹೆಚ್ಚಿನ ಪೆಟ್ಟಿಗೆಗಳ ಮುಚ್ಚಳದೊಳಗೆ ಹಳದಿಗಟ್ಟಿದ ಚೀಟಿ ಅಂಟಿದೆ, ಅದರಲ್ಲಿ ಊರಿನ ಹೆಸರು: ಅಂಬಾಲಾ ಕ್ಯಾಂಟ್. ನಾಡಿನ ಯಾವ ಕಾಲೇಜಿಗೆ ಹೋದರೂ ಈ ಹೆಸರು ತಪ್ಪದು. ಹರಿಯಾಣದ ಆ ದಂಡುಪ್ರದೇಶದ ಓಣಿಗಳಲ್ಲಿ ಇಂಗ್ಲಿಷರ ಕಾಲದಿಂದಲೂ ಪ್ರಯೋಗಶಾಲೆಯ ಸಾಮಾನು ಮಾಡುವ ಕಾರ್ಖಾನೆಗಳಿವೆ. ಅಲ್ಲಿ ಹುಟ್ಟಿ, ಒಣಹುಲ್ಲು ಸುತ್ತಿಸಿಕೊಂಡು, ಸಾವಿರದೈನೂರು ಕಿಲೋಮೀಟರಿಗೂ ಮಿಗಿಲಾದ ದಾರಿ ಸವೆಸಿ, ತೊಗರಿ ಮೂಟೆಗಳ ನಡುವೆ ಇಳಿದು ಬಂದ ಸಾಮಾನು ಇದು.

ಹತ್ತು ಗಂಟೆಗೆ ಪ್ರಥಮ ಪಿಯುಸಿಯ ಮಕ್ಕಳು ಬಂದರು. ಬಂದರು ಎನ್ನುವುದಕ್ಕಿಂತ ನುಗ್ಗಿದರು ಎನ್ನಬೇಕು. ಕೈಯಲ್ಲಿ ಕಂದು ಕಾಗದದ ಹೊದಿಕೆ ಹಾಕಿದ ರೆಕಾರ್ಡ್ ಬುಕ್ಕು, ಅದರೊಳಗೆ ಅರ್ಧ ಸ್ಕೇಲು, ತುದಿ ಚೂಪು ಮಾಡಿದ ಪೆನ್ಸಿಲು. ಮಾತು ಕನ್ನಡದಲ್ಲಿ ಶುರುವಾಗಿ, ಉರ್ದುವಿನಲ್ಲಿ ತಿರುಗಿ, ಮರಾಠಿಯಲ್ಲಿ ಮುಗಿಯುತ್ತದೆ. ಈ ಸೀಮೆಯಲ್ಲಿ ಅದು ಮೂರು ಭಾಷೆಯಲ್ಲ, ಒಂದೇ ನಾಲಗೆ. ಒಬ್ಬರು ಇನ್ನೊಬ್ಬರ ಸ್ಟ್ಯಾಂಡು ಕಸಿದುಕೊಂಡರು. ಒಂದು ಸ್ಟಾಪ್ ಕ್ಲಾಕಿಗೆ ನಾಲ್ಕು ಕೈ. ಸರ್ ಒಳಗೆ ಬಂದು ಮೇಜಿನ ಮೇಲೆ ಡಸ್ಟರ್ ಕುಟ್ಟಿದಾಗ ಗದ್ದಲ ತಗ್ಗಿ, ಗೋಡೆಯ ಹಲ್ಲಿಯ ಲೊಚಗುಟ್ಟುವಿಕೆ ಕೇಳಿಸಿತು.

ಅಂದಿನ ಪ್ರಯೋಗ ಸರಳ ಲೋಲಕ. ಸಾಮಾನಿನ ಲೆಕ್ಕದಲ್ಲಿ ಇದಕ್ಕಿಂತ ಬಡವ ಬೇರೆ ಇಲ್ಲ. ಒಂದು ಕಬ್ಬಿಣದ ಸ್ಟ್ಯಾಂಡು, ಒಂದು ದಾರ, ದೊಡ್ಡ ಗೋಲಿಯಷ್ಟು ಗಾತ್ರದ ಹಿತ್ತಾಳೆಯ ಗುಂಡು. ದಾರದ ಮೇಲ್ತುದಿಯನ್ನು ಸೀಳಿದ ಕಾರ್ಕಿನ ನಡುವೆ ಸಿಕ್ಕಿಸಿ ಬಿಗಿಯಬೇಕು. ಕಾರ್ಕುಗಳು ಪುಡಿಯಾಗಿ ಬಹಳ ದಿನವಾಗಿವೆ. ಅವುಗಳ ಜಾಗದಲ್ಲಿ ಕಾಕಾ ಹಳೆಯ ಹವಾಯಿ ಚಪ್ಪಲಿಯ ಅಟ್ಟೆ ಕೊಯ್ದು ಇಟ್ಟಿದ್ದಾರೆ. ನೀಲಿ ರಬ್ಬರಿನ ಆ ತುಂಡು ದಾರವನ್ನು ಕಾರ್ಕಿಗಿಂತ ಗಟ್ಟಿ ಹಿಡಿಯುತ್ತದೆ ಎಂದು ಅವರ ವಾದ. ನನಗೂ ಹಾಗೆಯೇ ಕಂಡಿತು.

ಕಿಟಕಿಯ ಪಕ್ಕದ ಮೇಜಿನ ಹುಡುಗಿಯ ಹಿಂದೆ ನಿಂತುಕೊಳ್ಳೋಣ. ಉಸಿರು ಜೋರಾಗಿ ಬಿಡಬೇಡಿ, ಗುಂಡು ಅಲುಗಾಡೀತು. ಅವಳು ದಾರವನ್ನು ಅಳೆದು, ಗುಂಡಿನ ಅರ್ಧ ದಪ್ಪ ಕೂಡಿಸಿ, ನಟ್ಟನಡುವಿಗೆ ಸರಿಯಾಗಿ ಒಂದು ಮೀಟರು ಬರುವಂತೆ ಕಟ್ಟಿದಳು. ಮೇಜಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದಳು. ಗುಂಡನ್ನು ಎರಡು ಬೆರಳಿನಿಂದ ತುಸುವೇ ಪಕ್ಕಕ್ಕೆ ಎಳೆದು, ಮಲಗಿದ ಕೂಸಿನ ಕೈ ಬಿಡುವ ಹಾಗೆ ಬಿಟ್ಟಳು. ಅದು ಹೋಯಿತು, ಬಂತು. ಎರಡು ಸಲ ಅವಳು ಸುಮ್ಮನೆ ನೋಡಿದಳು. ಮೂರನೆಯ ಸಲ ಗುಂಡು ಗೆರೆ ದಾಟುವಾಗ ಹೆಬ್ಬೆರಳು ಒತ್ತಿ "ಸೊನ್ನೆ" ಎಂದಳು. ಒಂದು, ಎರಡು, ಮೂರು. ತುಟಿ ಮಾತ್ರ ಆಡುತ್ತಿತ್ತು. ಪಕ್ಕದವಳು ಏನೋ ಕೇಳಿದಳು. ಇವಳು ಕಣ್ಣಿನಲ್ಲೇ ಗದರಿದಳು. ಇಪ್ಪತ್ತಕ್ಕೆ ಹೆಬ್ಬೆರಳು ಮತ್ತೆ ಇಳಿಯಿತು. 40.2 ಸೆಕೆಂಡು.

ಲೆಕ್ಕ ಮಾಡಿದರೆ ಗುರುತ್ವ ವೇಗೋತ್ಕರ್ಷ, ಅಂದರೆ ಎಲ್ಲರ ಬಾಯಲ್ಲಿ ಇರುವ 'ಜಿ', 9.77 ಬಂತು. ಅವಳ ಮುಖ ಸಣ್ಣದಾಯಿತು. ಪುಸ್ತಕದಲ್ಲಿ 9.8 ಇದೆಯಲ್ಲ! ಹಿಂದಿನ ಮೇಜಿನಿಂದ ಸಲಹೆ ತೂರಿ ಬಂತು: "40.1 ಅಂತ ಬರಿ, ಸರಿ ಆಗ್ತದ." ಸಲಹೆ ಕೊಟ್ಟವನು ಜಾಣ. ಒಂದು ದಶಾಂಶ ತಿದ್ದಿದರೆ ಉತ್ತರ 9.82ಕ್ಕೆ ಏರುತ್ತದೆ, ನೋಡುವವರ ಕಣ್ಣಿಗೆ ಹಿತವಾಗುತ್ತದೆ. ಪ್ರಯೋಗಶಾಲೆ ಎಂಬುದು ಇರುವ ಕಡೆಯಲ್ಲೆಲ್ಲ ಈ ವಿದ್ಯೆಯೂ ಇದೆ. ಉತ್ತರದಿಂದ ಹಿಂದಕ್ಕೆ ನಡೆದು ರೀಡಿಂಗಿಗೆ ಬರುವುದು. ನಾನೂ ಮಾಡಿದ್ದೇನೆ. ನಾನು ಓದಿದ ಕಾಲೇಜಿನಲ್ಲಿ ಅಲಮಾರಿಯ ಕೀಲಿ ವರ್ಷದಲ್ಲಿ ಎರಡು ತಿಂಗಳು ಮಾತ್ರ ಸಿಗುತ್ತಿತ್ತು. ಪ್ರಿಸಮ್ಮಿನ ಪ್ರಯೋಗವನ್ನು ಪ್ರಿಸಮ್ಮು ಮುಟ್ಟದೆ, ಹಿರಿಯ ವಿದ್ಯಾರ್ಥಿಯ ರೆಕಾರ್ಡ್ ನೋಡಿ ಬರೆದು, ಪಾಸೂ ಆದೆ.

ಸರ್ ಆ ಹುಡುಗಿಯ ಪುಸ್ತಕ ನೋಡಿದರು. ಅವರ ಕೈಯಲ್ಲಿ ಕೆಂಪು ಪೆನ್ನಿತ್ತು. "ತಿದ್ದಬ್ಯಾಡವ್ವ" ಎಂದರು. "ಹುಮನಾಬಾದಿಗೆ ಇದೇ ಖರೆ." ತರಗತಿ ನಕ್ಕಿತು. ಸರ್ ನಗಲಿಲ್ಲ.

ಅವರು ಹೇಳಿದ್ದು ತಮಾಷೆಯಲ್ಲ. ನಾವು ಪುಸ್ತಕದಲ್ಲಿ ಓದುವ ಅಂಕಿ ಸಮಭಾಜಕಕ್ಕೂ ಧ್ರುವಕ್ಕೂ ನಡುವೆ, ನಲವತ್ತೈದು ಡಿಗ್ರಿಯ ಹತ್ತಿರ, ಸಮುದ್ರಮಟ್ಟದಲ್ಲಿ ಒಪ್ಪುವಂಥದು; 1901ರಲ್ಲಿ ತೂಕ ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ ಅದನ್ನು 9.80665 ಎಂದು ಗೊತ್ತುಮಾಡಿತು. ಭೂಮಿ ತನ್ನ ಸುತ್ತ ತಿರುಗುವುದರಿಂದಲೂ, ನಡು ದಪ್ಪಗಿರುವುದರಿಂದಲೂ ಸಮಭಾಜಕದ ಕಡೆ ಬಂದಂತೆ ಸೆಳೆತ ತಗ್ಗುತ್ತದೆ. ಹುಮನಾಬಾದು, ಬಸವಕಲ್ಯಾಣ ಎರಡೂ ಹದಿನೆಂಟು ಡಿಗ್ರಿಯೊಳಗೆ, ಸಮುದ್ರದಿಂದ ಆರುನೂರು ಮೀಟರಿಗೂ ಮೇಲೆ, ಈ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ ಕೂತಿವೆ. ಲೆಕ್ಕ ಹಾಕಿದರೆ ಇಲ್ಲಿನ ಜಿ 9.78. ಆದರೂ ಒಂದು ಮಾತು: ಆ ಹುಡುಗಿಯ ಗಡಿಯಾರಕ್ಕೆ ಈ ಸೂಕ್ಷ್ಮ ಗೊತ್ತಾಗುವುದಿಲ್ಲ. 9.78ಕ್ಕೂ 9.80ಕ್ಕೂ ಇಪ್ಪತ್ತು ತೂಗಾಟದಲ್ಲಿ ಬರುವ ವ್ಯತ್ಯಾಸ ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲು. ಹೆಬ್ಬೆರಳು ಒತ್ತುವುದರಲ್ಲಿಯೇ ಅದಕ್ಕಿಂತ ಹೆಚ್ಚು ಹೊತ್ತು ಹೋಗಿರುತ್ತದೆ. ಸರ್‌ಗೂ ಅದು ಗೊತ್ತು. "ಆದರೂ ಆಕಿ ಕಂಡಿದ್ದನ್ನ ಬರದಾಳಲ್ರಿ" ಎಂದು ನನ್ನ ಕಿವಿಯ ಹತ್ತಿರ ಹೇಳಿ ಮುಂದಿನ ಮೇಜಿಗೆ ಹೋದರು.

ಮುಂದಿನ ಮೇಜಿನಲ್ಲಿ ಸೊನೋಮೀಟರು. ಉದ್ದನೆಯ ಟೊಳ್ಳು ಪೆಟ್ಟಿಗೆ, ಮೇಲೆ ಬಿಗಿದ ಒಂದು ತಂತಿ, ತಂತಿಯ ತುದಿಗೆ ರಾಟೆ, ರಾಟೆಯಿಂದ ಜೋತುಬಿದ್ದ ಅರ್ಧ ಕಿಲೋ ತೂಕದ ಬಿಲ್ಲೆಗಳು. ತಂತಿಯ ಕೆಳಗೆ ಎರಡು ಮರದ ಕುದುರೆ ಸರಿಸುತ್ತ, ಮೇಲೆ ಚಿಟಿಕೆಯಷ್ಟು ಕಾಗದ ಮಡಿಚಿ ಕೂರಿಸಿ, ಶ್ರುತಿಕವೆಯನ್ನು ರಬ್ಬರಿಗೆ ಬಡಿದು ಪೆಟ್ಟಿಗೆಯ ಮೇಲೆ ಊರಬೇಕು. ಎರಡರ ಸ್ವರ ಕೂಡಿದಾಗ ಕಾಗದ ತಾನೇ ಹಾರಿಬೀಳುತ್ತದೆ. ಅಲ್ಲಿದ್ದ ಹುಡುಗ ಕಾಗದ ಕೂರಿಸಿರಲೇ ಇಲ್ಲ. ತಂತಿ ಮೀಟಿ, ತಲೆ ಓರೆ ಮಾಡಿ ಕೇಳಿ, ಕುದುರೆಯನ್ನು ಒಂದು ಕೂದಲೆಳೆ ಸರಿಸಿ ನಿಲ್ಲಿಸಿದ. ಸರ್ ಅನುಮಾನದಿಂದ ಕಾಗದ ಇಟ್ಟು ಕವೆ ಊರಿದರು. ಹಾರಿತು. ಹುಡುಗ ಮಾಣಿಕನಗರದವನಂತೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಾಣಿಕಪ್ರಭುಗಳು ಕನ್ನಡ, ಮರಾಠಿ, ಉರ್ದುಗಳಲ್ಲೆಲ್ಲ ಪದ ಕಟ್ಟಿ ಹಾಡಿದ ಜಾಗ ಅದು. ದತ್ತ ಜಯಂತಿಯ ಹೊತ್ತಿಗೆ ಈಗಲೂ ದೊಡ್ಡ ದೊಡ್ಡ ಗವಾಯಿಗಳು ಬಂದು ಕೂರುತ್ತಾರೆ. ಅಲ್ಲಿ ತಂಬೂರಿ ಶ್ರುತಿ ಮಾಡುವುದನ್ನು ದಿನಾ ಕೇಳಿ ಬೆಳೆದ ಕಿವಿಗೆ ಕಾಗದದ ಹಂಗೇನು? ಆದರೆ ಪರೀಕ್ಷೆಯಲ್ಲಿ ಕಾಗದ ಇಡಬೇಕು, ಇಡದಿದ್ದರೆ ಅಂಕ ಹೋಗುತ್ತದೆ ಎಂದು ಸರ್ ಅವನಿಗೆ ಎರಡು ಸಲ ಹೇಳಿದರು.

ಆಚೆ ಮೂಲೆಯಲ್ಲಿ ಅನುರಣನ ಕೊಳವೆ. ನೀರು ತುಂಬಿದ ಗಾಜಿನ ನಳಿಕೆಯ ಬಾಯಿಗೆ ಕವೆ ಹಿಡಿದು ನೀರಿನ ಮಟ್ಟ ಇಳಿಸುತ್ತ ಹೋದರೆ, ಮೂಗು ಕಟ್ಟಿದವರ ಹಾಗೆ ಗುಂಯ್‌ಗುಟ್ಟುತ್ತಿದ್ದ ಸದ್ದು ಒಮ್ಮೆಗೇ ಗಂಟಲು ಬಿಚ್ಚುತ್ತದೆ. 512ರ ಕವೆಗೆ ಸುಮಾರು ಹದಿನಾರು ಸೆಂಟಿಮೀಟರಿಗೆ ಹೀಗಾಗುತ್ತದೆ. ಬೇಸಿಗೆಯಲ್ಲಿ ಅದೇ ಜಾಗ ತುಸು ಕೆಳಗಿಳಿಯುತ್ತದೆ, ಏಕೆಂದರೆ ಬಿಸಿಗಾಳಿಯಲ್ಲಿ ಶಬ್ದ ಚುರುಕು. ಇಪ್ಪತ್ತು ಡಿಗ್ರಿಯ ಜನವರಿ ಬೆಳಗಿನಲ್ಲಿ ಸೆಕೆಂಡಿಗೆ 343 ಮೀಟರು ಹೋಗುವುದು, ನಲವತ್ತು ಮುಟ್ಟುವ ಮೇ ತಿಂಗಳಲ್ಲಿ 355ಕ್ಕೆ ಏರುತ್ತದೆ. ಬಿಸಿಲಿಗೆ ಮನುಷ್ಯರೆಲ್ಲ ಮಂದವಾಗುವ ಈ ನಾಡಿನಲ್ಲಿ ಶಬ್ದವೊಂದಕ್ಕೆ ಹುರುಪು ಬರುವುದು ನೋಡಿ!

ಮಧ್ಯಾಹ್ನ ಬಸ್ ನಿಲ್ದಾಣದ ಹತ್ತಿರ ಸುಸಲಾ, ಮೆಣಸಿನಕಾಯಿ ಭಜಿ ತಿಂದು, ಗಾಜಿನ ಲೋಟದಲ್ಲಿ ಚಹಾ ಕುಡಿದು ಬಸವಕಲ್ಯಾಣದ ಬಸ್ಸು ಹಿಡಿದೆ. ಪುಣೆ ಹೈದರಾಬಾದ್ ಹೆದ್ದಾರಿ. ಎರಡೂ ಬದಿ ಕಪ್ಪು ನೆಲ, ತೊಗರಿ ಕೊಯ್ದ ಕೂಳೆ, ತೆನೆ ಹೊತ್ತ ಬಿಳಿಜೋಳ, ಕಬ್ಬು ಹೇರಿ ಒಂದೇ ಕಡೆ ವಾಲಿಕೊಂಡು ಹೋಗುವ ಟ್ರ್ಯಾಕ್ಟರು. ಪಕ್ಕದಲ್ಲಿ ಕೂತಿದ್ದ ನಿವೃತ್ತ ಮಾಸ್ತರರೊಬ್ಬರಿಗೆ ನಾನು ಹೋಗುತ್ತಿರುವ ಕೆಲಸ ಹೇಳಿದೆ. "ಫಿಜಿಕ್ಸೇನ್ರಿ? ನಮ್ಮ ಅಪ್ಪ ಅದಕ್ಕ ತಬೀಯಾತ್ ಅಂತಿದ್ರು" ಎಂದರು. ಈ ಸೀಮೆ 1948ರವರೆಗೆ ನಿಜಾಮರದು. ಮೇಲಿನ ಓದಿಗೆ ಹೈದರಾಬಾದು. ಅಲ್ಲಿ 1918ರಲ್ಲಿ ತೆರೆದ ಉಸ್ಮಾನಿಯಾ ವಿಶ್ವವಿದ್ಯಾಲಯ ವಿಜ್ಞಾನವನ್ನೂ ಉರ್ದುವಿನಲ್ಲೇ ಕಲಿಸುತ್ತಿತ್ತು. ಪಠ್ಯಗಳನ್ನು ಅನುವಾದಿಸಲೆಂದೇ ಒಂದು ವಿಭಾಗವಿತ್ತು. ಪ್ರಯೋಗಕ್ಕೆ ಉರ್ದುವಿನಲ್ಲಿ ತಜುರ್ಬಾ ಎನ್ನುತ್ತಾರೆ. ಅದೇ ಮಾತಿಗೆ ಅನುಭವ ಎಂಬ ಅರ್ಥವೂ ಇದೆ. "ಆ ಮನುಷ್ಯಾಗ ಭಾಳ ತಜುರ್ಬಾ ಅದ" ಎಂದು ಬೀದರ್ ಕಡೆಯ ಕನ್ನಡದಲ್ಲಿ ಸಲೀಸಾಗಿ ಬರುತ್ತದೆ. ಅನುಭವ ಮಂಟಪದ ಊರಿಗೆ ಹೋಗುವ ಬಸ್ಸಿನಲ್ಲಿ ಈ ಮಾತು ಕೇಳಿ ಸುಮ್ಮನೆ ಕಿಟಕಿಯ ಹೊರಗೆ ನೋಡಿದೆ. ಬಸವಕಲ್ಯಾಣಕ್ಕೆ ತಿರುಗುವ ಸಸ್ತಾಪುರ ಬಂಗ್ಲಾ ಬಂತು.

ಇಲ್ಲಿಂದ ಊರಿನ ವಾಸನೆಯೇ ಬೇರೆ. ಡೀಸೆಲ್, ಗ್ರೀಸು, ಸುಟ್ಟ ರಬ್ಬರು, ವೆಲ್ಡಿಂಗಿನ ನೀಲಿ ಹೊಗೆ. ಬಸವಕಲ್ಯಾಣ ಲಾರಿಗಳ ಊರು. ಹೆಸರು ಹೇಳುವಾಗ ಚಾಲುಕ್ಯರ ರಾಜಧಾನಿ, ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರ ಮಿತಾಕ್ಷರ ಬರೆದ ಜಾಗ, ಹನ್ನೆರಡನೆಯ ಶತಮಾನದ ಶರಣರ ಕಲ್ಯಾಣ ಎಂದೆಲ್ಲ ಹೇಳುತ್ತೇವೆ. ಹೊಟ್ಟೆ ಹೊರೆಯುವುದು ಮಾತ್ರ ಆಟೋನಗರ. ಮಿತ ಎಂದರೆ ಅಳೆದದ್ದು. ಅಳೆದ ಅಕ್ಷರಗಳ ಪುಸ್ತಕ ಹುಟ್ಟಿದ ಊರಿನಲ್ಲಿ ಈಗ ಅಳತೆಯ ಸದ್ದು ಕೇಳಬೇಕಾದರೆ ಲೇಥ್ ಮಷೀನಿನ ಮುಂದೆ ನಿಲ್ಲಬೇಕು. ಉಕ್ಕಿನ ಸುರುಳಿ ಚಕ್ಕೆಗಳು ಕಾಲ ಬಳಿ ಬೀಳುತ್ತಿರುತ್ತವೆ, ಮಿಸ್ತ್ರಿ ಮಷೀನು ನಿಲ್ಲಿಸಿ, ಸರಳನ್ನು ಬಟ್ಟೆಯಿಂದ ಒರೆಸಿ, ವರ್ನಿಯರ್ ಹಿಡಿದು, ಬೆಳಕಿಗೆ ಓರೆ ಮಾಡಿ ಓದುತ್ತಾನೆ. ಫ್ರಾನ್ಸಿನ ಪಿಯರ್ ವರ್ನಿಯರ್ 1631ರಲ್ಲಿ ಹೊಳೆಸಿಕೊಂಡ ಉಪಾಯ ಅದು. ಮಿಸ್ತ್ರಿಗೆ ಆ ಹೆಸರು ಮನುಷ್ಯನದೆಂದು ಗೊತ್ತಿಲ್ಲ, ಗೊತ್ತಾಗಬೇಕಾದ ಜರೂರೂ ಇಲ್ಲ.

ಬಸವಕಲ್ಯಾಣದ ಕಾಲೇಜಿನಲ್ಲಿ ದ್ವಿತೀಯ ಪಿಯುಸಿಯವರಿಗೆ ಕೊನೆಯ ರಿವಿಜನ್ ನಡೆದಿತ್ತು. ಥಿಯರಿಗೆ ಎಪ್ಪತ್ತು, ಪ್ರ್ಯಾಕ್ಟಿಕಲ್ಲಿಗೆ ಮೂವತ್ತು. ಆ ಮೂವತ್ತಕ್ಕಾಗಿ ಎಲ್ಲರ ಮುಖದಲ್ಲೂ ದೇವರಿಗೆ ಹೂ ಕೇಳುವಾಗಿನ ಭಕ್ತಿ. ಅಲಮಾರಿಯ ನೆತ್ತಿಯ ಮೇಲೆ ಪೊಟೆನ್ಶಿಯೋಮೀಟರ್ ಅಡ್ಡಡ್ಡ ಮಲಗಿತ್ತು. ಉದ್ದನೆಯ ಹಲಗೆಯ ಮೇಲೆ ಹೋಗಿ ಬರುವ ತಂತಿಯ ಸಾಲು, ಅದರ ಮೇಲೆ ಪಾರಿವಾಳದ ಪುಕ್ಕ. 2022ರಲ್ಲಿ ಎನ್‌ಸಿಇಆರ್‌ಟಿ ಪಠ್ಯ ಹಗುರ ಮಾಡಿದಾಗ ಪುಸ್ತಕದಿಂದ ಇದರ ಪಾಠ ಹೊರಬಿತ್ತು. ಅದರ ಜತೆಗಾರ ಲೆಕ್ಲಾಂಶೆ ಕೋಶವೂ ಹತ್ತಿರದಲ್ಲೇ ಇತ್ತು: ಚೌಕನೆಯ ಗಾಜಿನ ಜಾಡಿ, ಒಳಗೆ ಬಿಳಿಯ ಮಣ್ಣಿನ ಪಾತ್ರೆ, ಸತುವಿನ ಕಡ್ಡಿ. ಇದಕ್ಕೆ ಹಾಕುತ್ತಿದ್ದದ್ದು ನವಸಾಗರದ ನೀರು. ಓಣಿಗೆ ಕಲಾಯಿಯವನು ಬಂದಾಗ ಕಾದ ತಪ್ಪಲೆಗೆ ಉದುರಿಸಿ ಬುಸ್ಸೆಂದು ಬಿಳಿ ಹೊಗೆ ಎಬ್ಬಿಸುತ್ತಿದ್ದನಲ್ಲ, ಅದೇ ನವಸಾಗರ. ಈಗ ಕಲಾಯಿಯವನೂ ಬರುವುದಿಲ್ಲ, ಕೋಶದ ಜಾಗದಲ್ಲಿ ಗುಂಯ್‌ ಎನ್ನುವ ಎಲಿಮಿನೇಟರ್ ಡಬ್ಬಿ.

ಮೀಟರ್ ಬ್ರಿಡ್ಜ್ ಮಾತ್ರ ಅಂದು ಮೇಜಿನ ಮೇಲೆಯೇ ಇತ್ತು. ಒಂದು ಮೀಟರಿನ ತಂತಿ, ಎರಡು ಕಡೆ ತಾಮ್ರದ ಪಟ್ಟಿ, ಎಡಗಡೆಯ ಸಂದಿನಲ್ಲಿ ರೆಸಿಸ್ಟೆನ್ಸ್ ಬಾಕ್ಸು, ಬಲಗಡೆ ಅಳೆಯಬೇಕಾದ ಸುರುಳಿ. ಗ್ಯಾಲ್ವನೋಮೀಟರಿಗೆ ಕಟ್ಟಿದ ಲೋಹದ ಕಡ್ಡಿಯೊಂದನ್ನು ತಂತಿಯ ಮೇಲೆ ಅಲ್ಲಲ್ಲಿ ಮುಟ್ಟಿಸುತ್ತ, ಮುಳ್ಳು ಎಡಕ್ಕೂ ಬಲಕ್ಕೂ ಓಡದೆ ಸೊನ್ನೆಯಲ್ಲಿ ನಿಲ್ಲುವ ಬಿಂದು ಹುಡುಕಬೇಕು. ಆ ಕಡ್ಡಿಗೆ ಜಾಕಿ ಎಂದು ಹೆಸರು. ಮೊದಲ ದಿನ ಇಲ್ಲಿನ ಸರ್ ಒಬ್ಬರು "ಜಾಕಿ ತಾ" ಎಂದಾಗ ಆಟೋನಗರದ ಹುಡುಗನೊಬ್ಬ ಕಣ್ಣರಳಿಸಿ, "ಸರ್, ಎಷ್ಟು ಟನ್ನಿಂದು?" ಎಂದು ಕೇಳಿದ್ದನಂತೆ. ಲಾರಿ ಎತ್ತುವ ಜಾಕು ಎಂದುಕೊಂಡಿದ್ದ. ಅಂದಿನಿಂದ ಅವನ ಹೆಸರೇ ಜಾಕಿ ಆಗಿದೆ.

ಆ ರೆಸಿಸ್ಟೆನ್ಸ್ ಬಾಕ್ಸಿನ ಕಡೆ ತುಸು ಬಗ್ಗಿ ನೋಡಿ. ಕಪ್ಪು ಎಬೊನೈಟಿನ ಮುಚ್ಚಳದ ಮೇಲೆ ಹಿತ್ತಾಳೆಯ ಗಡ್ಡೆಗಳ ಸಾಲು, ಗಡ್ಡೆಗಳ ನಡುವಿನ ತೂತಿಗೆ ಬಿರಡೆಯಂಥ ಕೀಲಿ. ಕೀಲಿ ಹಾಕಿದರೆ ವಿದ್ಯುತ್ತು ಹಿತ್ತಾಳೆಯ ಮೇಲೆ ಹಾದುಹೋಗುತ್ತದೆ. ತೆಗೆದರೆ ಕೆಳಗೆ ಅಡಗಿರುವ ಸುರುಳಿಯೊಳಗೆ ಇಳಿದು ಹೋಗಬೇಕು. ಹತ್ತರ ಕೀಲಿ ತೆಗೆದರೆ ಹತ್ತು ಓಂ. ಈ ಬಾಕ್ಸಿನಲ್ಲಿ ಐದರ ಕೀಲಿ ಕಳೆದುಹೋಗಿ ವರ್ಷವೇ ಆಗಿತ್ತು. ಕೀಲಿ ಇಲ್ಲವೆಂದರೆ ಆ ಐದು ಓಂ ಸದಾ ಜತೆಗೇ ಬರುತ್ತದೆ, ಬಿಟ್ಟರೂ ಬಿಡದ ನೆಂಟನ ಹಾಗೆ. ಅಂಬಾಲಾಕ್ಕೆ ಬರೆದರೆ ಬಿಡಿ ಕೀಲಿ ಕೊಡುವುದಿಲ್ಲ, ಹೊಸ ಬಾಕ್ಸೇ ತೆಗೆದುಕೊಳ್ಳಿ ಎನ್ನುತ್ತಾರೆ. ಅದಕ್ಕೆ ಯಾರೋ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರು: '5 ಕೂಡಿಸ್ಕೋರಿ'. ಇಡೀ ಬ್ಯಾಚು ವರ್ಷವಿಡೀ ಕೂಡಿಸಿಕೊಂಡಿತ್ತು. ಹತ್ತು ತೆಗೆದು ಹದಿನೈದು ಬರೆದು, ಸಮತೋಲ ಬಿಂದು 55.6ಕ್ಕೆ ಸಿಕ್ಕಿ, ಸುರುಳಿಯ ರೋಧ ಸರಿಯಾಗಿ 12 ಓಂ ಬರುತ್ತಿತ್ತು. ಮೇಡಂ ಒಬ್ಬರು ನನಗೆ ಇದನ್ನು ಹೇಳುವಾಗ ಅವರ ಮುಖದಲ್ಲಿ ನಾಚಿಕೆಯಿತ್ತು. ನಾಚಬೇಕಾದ್ದೇನೂ ಇಲ್ಲ ಎಂದು ನನಗನಿಸಿತು. ದೋಷವನ್ನು ಮುಚ್ಚಿಡದೆ ನೆತ್ತಿಯ ಮೇಲೆ ಬರೆದುಕೊಂಡ ಯಂತ್ರ ಎಷ್ಟಿವೆ?

ಈ ಮೇಡಂ ಮೊಬೈಲನ್ನೂ ಪ್ರಯೋಗದ ಸಾಮಾನಿಗೆ ಸೇರಿಸಿಕೊಂಡವರು. ಜರ್ಮನಿಯ ಆಖನ್ ವಿಶ್ವವಿದ್ಯಾಲಯದವರು ಪುಕ್ಕಟೆ ಬಿಟ್ಟಿರುವ ಫೈಫಾಕ್ಸ್ ಎಂಬ ಆ್ಯಪ್ ಹಾಕಿ, ಫೋನನ್ನೇ ಚೀಲದಲ್ಲಿಟ್ಟು ತೂಗಿಬಿಟ್ಟು ಅದರ ಆವರ್ತ ಅಳೆಸುತ್ತಾರೆ. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದವರು ರೂಪಿಸಿದ ಎಕ್ಸ್‌ಪ್‌ಐಸ್ ಎಂಬ ಅಂಗೈಯಗಲದ ಅಳತೆಯ ಡಬ್ಬಿಯೊಂದು ತಮಗೂ ಸಿಕ್ಕರೆ ಎಂಬ ಆಸೆ ಅವರಿಗಿದೆ. ಆದರೆ ಬಾಕ್ಸಿನ ಒಂದು ಕೀಲಿಗೇ ವರ್ಷ ಕಾದವರು ಆಸೆಯನ್ನು ಮೆಲ್ಲಗೇ ಹೇಳುತ್ತಾರೆ.

ಮೂರು ಗಂಟೆಯ ಸುಮಾರಿಗೆ ಜಾಕಿ ಬಂದ. ತಡವಾಗಿ ಬಂದ. ಬೈಗುಳ ಶುರುವಾಗುವ ಮೊದಲೇ ಪ್ಯಾಂಟಿನ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ. ಬಿಚ್ಚಿದರೆ, ಹೊಸ ಹಿತ್ತಾಳೆಯ ಕೀಲಿ. ಇನ್ನೂ ಎಣ್ಣೆಯ ಜಿಡ್ಡು ಹೋಗಿಲ್ಲ. ಹಿಂದಿನ ವಾರ ಒಂದು ಕೀಲಿಯನ್ನು ಮೇಡಂಗೆ ಹೇಳಿಯೇ ಒಯ್ದು, ಲೇಥಿನಲ್ಲಿ ಕೆಲಸ ಮಾಡುವ ತನ್ನ ಮಾಮನಿಗೆ ತೋರಿಸಿದ್ದನಂತೆ. ಮಾಮ ವರ್ನಿಯರ್ ಹಿಡಿದು ಮೇಲಿನ ದಪ್ಪ, ಕೆಳಗಿನ ದಪ್ಪ, ಉದ್ದ ಮೂರನ್ನೂ ಅಳೆದು, ಲಾರಿಯ ಹಳೆಯ ಬುಶ್ಶಿನ ಹಿತ್ತಾಳೆಯಲ್ಲಿ ಇಳಿಜಾರು ತೆಗೆದು ಕೊಟ್ಟಿದ್ದ. ಮೇಡಂ ಐದರ ತೂತಿಗೆ ಅದನ್ನಿಟ್ಟು ತುಸು ತಿರುವಿ ಒತ್ತಿದರು. ಕಿರ್ರ್ ಎಂದು ಕೂತಿತು. ಎತ್ತಿ ನೋಡಿದರು, ಬರಲಿಲ್ಲ. "ಎಷ್ಟು ಕೊಡಬೇಕೋ ನಿಮ್ಮ ಮಾಮಗ?" ಎಂದರು. "ಚಾ ಕುಡಸ್ರಿ ಅಂದಾನ್ರಿ."

ಕಾಕಾ ಅನ್ನುವ ಹೆಸರು ಇಲ್ಲೂ ಒಬ್ಬರಿಗಿದೆ. ಅವರು ಚಹಾ ತರಲು ಹೊರಟರು. ಮೇಡಂ ಆಫೀಸಿನ ಕರೆಗೆ ಎದ್ದು ಹೋದರು. ಮುಂದಿನ ಸರದಿಯ ಇಬ್ಬರು ಹುಡುಗಿಯರು ಬಂದು ತಂತಿ ಬಿಗಿದು, ಹತ್ತರ ಕೀಲಿ ತೆಗೆದು, ಜಾಕಿ ಮುಟ್ಟಿಸುತ್ತ ಹೋದರು. ಐವತ್ತೈದರಲ್ಲಿ ಮುಳ್ಳು ನಿಲ್ಲಲಿಲ್ಲ. ಐವತ್ತು ದಾಟಿ ಹಿಂದಕ್ಕೆ, ಇನ್ನೂ ಹಿಂದಕ್ಕೆ ಬಂದು 45.5ಕ್ಕೆ ಸೊನ್ನೆ ಹಿಡಿಯಿತು. ಒಬ್ಬಳು ಬರೆದುಕೊಂಡಳು, ಇನ್ನೊಬ್ಬಳು ಕ್ಯಾಲ್ಕುಲೇಟರ್ ಒತ್ತಿದಳು. ಮತ್ತೊಮ್ಮೆ ಒತ್ತಿದಳು.

"ಮೇಡಂ, ಹನ್ನೆರಡರ ಬದ್ಲಿ ಹದಿನೆಂಟು ಬರ್ಲತ್ತದ್ರಿ!"

ಮುಚ್ಚಳದ ಮೇಲೆ ಸೀಮೆಸುಣ್ಣದ ಅಕ್ಷರ ಹಾಗೇ ಇತ್ತು. ಜಾಕಿ ನಾಲಗೆ ಕಚ್ಚಿಕೊಂಡು, ಹೆಬ್ಬೆರಳಿಗೆ ಉಗುಳು ಹಚ್ಚಿ ಅದನ್ನು ತಿಕ್ಕತೊಡಗಿದ.